ಅರಳಿ ಥೇಟರಿನ ಐದು ಅಡಿ

ಮೊನ್ನೆ ರವಿಕೆ ಹೊಲಿಯಲು ಕೊಡಲು ಹೋಗಿದ್ದೆ. ಅಳತೆ ತೆಗೆಯುತ್ತಿದ್ದ ಹೆಣ್ಣುಮಗಳ ಟೇಪಿನ ತುದಿಯನ್ನು ನನ್ನ ಕೈ ತಾನಾಗಿಯೇ ಹೋಗಿ ಹಿಡಿದುಬಿಟ್ಟಿತು. ಹಿಡಿದದ್ದಷ್ಟೇ ಅಲ್ಲ, "ಹೂಂ, ಎಳೀರಿ" ಎಂದೂ ಅಂದುಬಿಟ್ಟೆ. ಆಕೆ ನನ್ನ ಮುಖ ನೋಡಿದಳು. "ಅಕ್ಕಾರ, ನಿಮ್ಮ ಸೊಂಟಾ ಅಳೀತೇನ್ರಿ, ಹೊಲಾ ಅಲ್ಲ" ಎಂದಳು.

ಏನು ಮಾಡುವುದು ಹೇಳಿ, ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ನಶ್ಯ, ನನಗೆ ಅಳತೆ. ಬಸ್ಸಿನಲ್ಲಿ ಕುಳಿತರೆ ಕಿಟಕಿ ಎಷ್ಟು ಅಗಲ ಇದ್ದೀತು ಎಂದು ಗೇಣು ಹಾಕುತ್ತೇನೆ. ಬೀಗರ ಮನೆಗೆ ಹೋದರೆ ಮೊದಲು ಚಹಾ ಕುಡಿಯುವುದಿಲ್ಲ, ಪಡಸಾಲೆಯ ಉದ್ದವನ್ನು ಹೆಜ್ಜೆಯಲ್ಲಿ ಎಣಿಸುತ್ತೇನೆ. ಒಮ್ಮೆ ಒಂದು ಮದುವೆಯಲ್ಲಿ ಅಕ್ಷತೆ ಹಾಕುವ ಹೊತ್ತಿಗೆ ಚಪ್ಪರದ ಕಂಬಗಳ ನಡುವಿನ ಅಂತರ ಸರಿಯಿಲ್ಲವೆಂದು ಪಕ್ಕದವರಿಗೆ ಹೇಳಿ, ಅವರೇ ಆ ಚಪ್ಪರ ಹಾಕಿಸಿದವರು, ಮದುವೆ ಹುಡುಗಿಯ ಸೋದರಮಾವ ಎಂದು ಆಮೇಲೆ ತಿಳಿದು, ಊಟ ಮಾಡದೆ ಬಂದಿದ್ದೆ.

ಈ ಚಟ ಹತ್ತಿದ್ದು ಬೈಲಹೊಂಗಲದಲ್ಲಿ, ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ. ಆಗಷ್ಟೇ ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ ಊರಿನ ಒಬ್ಬ ಇಂಜಿನಿಯರ ಕೈಕೆಳಗೆ ಸೇರಿದ್ದೆ. ಕೋರ್ಸಿನ ಹೆಸರಿನಲ್ಲೇ 'ಮನ್' ಇದ್ದುದರಿಂದ ನಮ್ಮ ಅವ್ವನಿಗೆ ಬಹಳ ದಿನ ಅನುಮಾನವಿತ್ತು. "ಗಂಡಸರ ನೌಕರಿ ನಿನಗ್ಯಾಕ ಕೊಟ್ರ?" ಎಂದು ಕೇಳುತ್ತಿದ್ದಳು. ಇಂಜಿನಿಯರ್ ಕುಲಕರ್ಣಿ ಸಾಹೇಬರು ಒಳ್ಳೆಯವರು. ಆದರೆ ಅವರ ನಾಲಿಗೆ ಗರಗಸ. ಗೋಡೆಗೆಂದು ನಾನು ಎಳೆದ ಗೆರೆ ಒಂದು ಕೂದಲು ಆಚೆ ಹೋದರೂ, "ಇದೇನವಾ, ಗ್ವಾಡಿನೋ ಹಾವೋ?" ಎನ್ನುತ್ತಿದ್ದರು.

ಒಂದು ದಿನ ಅವರು ಒಂದು ಚೀಟಿ ಕೊಟ್ಟು, "ಅರಳಿ ಥೇಟರ್ ಮಾರಾಟ ಆಗೇತಿ. ಅದನ್ನ ಕೆಡವಿ ಅಂಗಡಿ ಕಟ್ಟಸ್ತಾರ. ಈಗಿದ್ದ ಕಟ್ಟಡದ್ದ ನಕ್ಷಾ ಬೇಕಂತ. ಹೋಗಿ ಅಳತಿ ತಗೊಂಡ ಬಾ" ಎಂದರು.

ಅರಳಿ ಥೇಟರು ಎಂದರೆ ನನಗೆ ಬರೀ ಕಟ್ಟಡವಾಗಿರಲಿಲ್ಲ. ನಮ್ಮ ಕಡೆ ಅರಳಿ ಎಂದರೆ ಹತ್ತಿ. ಆ ಥೇಟರು ಮೊದಲು ಹತ್ತಿ ಹಿಂಜುವ ಕಾರಖಾನೆಯ ಶೆಡ್ಡು. ಆಮೇಲೆ ನಾಟಕದ ಥೇಟರಾಯಿತು, ಕೊನೆಗೆ ಟಾಕೀಸು. ಊರು ಅದಕ್ಕೆ ಎಷ್ಟು ಬೋರ್ಡು ಬದಲಿಸಿದರೂ ಹೆಸರು ಮಾತ್ರ ಅರಳಿ ಥೇಟರು ಎಂದೇ ಉಳಿಯಿತು. ಶೆಡ್ಡಿನ ಕಾಲದ ಕಬ್ಬಿಣದ ಬೋಲ್ಟುಗಳು ನೆಲದಿಂದ ಅಲ್ಲಲ್ಲಿ ತಲೆ ಎತ್ತಿಕೊಂಡೇ ಇದ್ದವು. ಕತ್ತಲಲ್ಲಿ ಸೀಟು ಹುಡುಕುತ್ತ ಅವನ್ನು ಎಡವದ ಕಾಲ್ಬೆರಳು ಬೈಲಹೊಂಗಲದಲ್ಲಿ ಇರಲಿಲ್ಲ. ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಇವತ್ತಿಗೂ ಸೊಟ್ಟಗಿದೆ; ಅದು ಸಿನೆಮಾ ನೋಡಿ ಬೆಳೆದ ಉಗುರು.

ಚಿಕ್ಕವಳಿದ್ದಾಗ ಅವ್ವ, ಚಿಕ್ಕವ್ವ, ಓಣಿಯ ಹೆಂಗಸರ ಜೊತೆ ಮ್ಯಾಟ್ನಿಗೆ ಹೋಗುತ್ತಿದ್ದೆವು. ಹೆಂಗಸರ ಕಡೆಯ ಗೋಡೆಯಲ್ಲಿ ಗಾರೆಯಿಂದ ಮಾಡಿದ ಏಳು ಕಮಲದ ಹೂವುಗಳಿದ್ದವು, ಒಂದೊಂದೂ ರೊಟ್ಟಿಯ ಹೆಂಚಿನಷ್ಟು ದೊಡ್ಡದು. ನಡುವಿನ ಕಮಲಕ್ಕೆ ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಹೂವಿನ ಎಸಳೇ ಕಾಣುತ್ತಿರಲಿಲ್ಲ. ಅದರ ಕೆಳಗೆ ಒಂದು ಗೂಡಿನಲ್ಲಿ ಹಣತೆ. ಅದೇ ಗ್ವಾಡೆವ್ವ. ಗ್ವಾಡಿ ಎಂದರೆ ಗೋಡೆ, ಗೋಡೆಯೊಳಗಿನ ಅವ್ವ ಗ್ವಾಡೆವ್ವ. ಯಾವ ಪುರಾಣದಲ್ಲೂ ಆಕೆಯ ಹೆಸರಿಲ್ಲ, ಸವದತ್ತಿಯ ಗುಡ್ಡದ ಎಲ್ಲವ್ವನಿಗೆ ದೂರದ ತಂಗಿ ಎಂದು ನಮ್ಮ ಚಿಕ್ಕವ್ವ ಹೇಳುತ್ತಿದ್ದಳು. ಹೆಂಗಸರು ಮೊದಲು ಆಕೆಗೆ ಕೈ ಮುಗಿದು, ಆಮೇಲೆ ಶೇಂಗಾದ ಪೊಟ್ಟಣ ಬಿಚ್ಚುತ್ತಿದ್ದರು. ನಾನಂತೂ ಪರೀಕ್ಷೆಯ ಹಿಂದಿನ ದಿನ ಸಿನೆಮಾಕ್ಕೆ ಹೋಗಲು ಗ್ವಾಡೆವ್ವನ ದರ್ಶನವನ್ನೇ ನೆಪ ಮಾಡುತ್ತಿದ್ದೆ. ಗಣಿತದಲ್ಲಿ ಪಾಸಾದದ್ದು ಆಕೆಯಿಂದಲೇ ಎಂದು ನಂಬಿದ್ದೆ.

ಈಗ ಆಕೆಯ ಮನೆಯನ್ನು ಅಳೆದು, ಕೆಡವುವವರ ಕೈಗೆ ನಕ್ಷೆ ಕೊಡಬೇಕು.

ಥೇಟರು ಮುಚ್ಚಿ ಕೆಲವು ತಿಂಗಳಾಗಿತ್ತು. ಬಾಗಿಲು ತೆಗೆದವರು ಇಮಾಮಸಾಬರು, ಅಲ್ಲಿ ಗೇಟ್‌ಕೀಪರ್ ಆಗಿಯೇ ಗಡ್ಡ ಬೆಳ್ಳಗಾದವರು. ಚಿಕ್ಕಂದಿನಲ್ಲಿ ನನ್ನನ್ನು ಎಷ್ಟೋ ಸಲ ಟಿಕೆಟ್ಟಿಲ್ಲದ ಮಗುವೆಂದು ಒಳಗೆ ಬಿಟ್ಟವರು. ಒಳಗೆ ಹೋಗಿ ನೋಡಿದರೆ ಪರದೆ ಬಿಚ್ಚಿದ್ದರು, ಕುರ್ಚಿಗಳು ಹೋಗಿದ್ದವು. ಅಷ್ಟು ದಿನ ಪರದೆಯ ಹಿಂದೆ ಅಡಗಿದ್ದ ನಾಟಕದ ರಂಗ ಮೊದಲ ಬಾರಿ ನನ್ನ ಕಣ್ಣಿಗೆ ಬಿತ್ತು. ಕಿತ್ತೂರಿನ ಕಡೆಯಿಂದ ತಂದ ಸಾಗವಾನಿ ಹಲಗೆಗಳು, ಮಾಡಿನ ತೊಲೆಗಳಲ್ಲಿ ಪರದೆ ಎಳೆಯುವ ಮರದ ಗಾಲಿಗಳು, ರಂಗದ ನಡುವೆ ಒಂದು ಕಳ್ಳ ಬಾಗಿಲು. ಪೌರಾಣಿಕ ನಾಟಕದಲ್ಲಿ ಭೂಮಿ ಬಿರಿದು ಪಾತ್ರಗಳು ಮಾಯವಾಗುತ್ತಿದ್ದುದು ಅದರಿಂದಲಂತೆ. ನಾನು ಕೆಲಸ ಮರೆತು ಆ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿದೆ.

"ತಂಗೆವ್ವಾ, ಅಳತಿ ಮಾಡಾಕ ಬಂದೀಯೋ, ಆಟಾ ಆಡಾಕೋ?" ಎಂದರು ಇಮಾಮಸಾಬರು. ನಾಚಿಕೆಯಾಗಿ ಟೇಪು ಬಿಚ್ಚಿದೆ. ಅವರು ಒಂದು ತುದಿ ಹಿಡಿದರು.

ಹೊರಗೆ ಅಗಲ ನಲವತ್ತೆಂಟು ಅಡಿ. ಒಳಗೆ ನಲವತ್ತು. ಕಿಟಕಿಯಲ್ಲಿ ಅಳೆದರೆ ಗೋಡೆ ಒಂದೂವರೆ ಅಡಿ ದಪ್ಪ. ಎರಡು ಕಡೆಯ ಗೋಡೆ ಸೇರಿ ಮೂರು ಅಡಿ. ನಲವತ್ತಕ್ಕೆ ಮೂರು ಸೇರಿಸಿದರೆ ನಲವತ್ಮೂರು. ಉಳಿದ ಐದು ಅಡಿ?

ಸಂಜೆ ಕಾಗದದ ಮೇಲೆ ಗೆರೆ ಎಳೆಯಲು ಕುಳಿತಾಗ ಗೊತ್ತಾಯಿತು. ಕುಲಕರ್ಣಿ ಸಾಹೇಬರು ಕನ್ನಡಕ ಹಣೆಗೇರಿಸಿ, "ಐದ ಅಡಿ ಎಲ್ಲಿ ಹೋತವಾ? ಶೇಂಗಾದ ಜೋಡಿ ತಿಂದಿ ಏನ?" ಎಂದರು. ಮರುದಿನ ಮತ್ತೆ ಅಳೆದೆ, ಅದೇ ಲೆಕ್ಕ. ಮೂರನೆಯ ದಿನ ಟೇಪಿನ ಮೇಲೇ ಅನುಮಾನ ಬಂದು, ಅಂಗಡಿಯಿಂದ ಬೇರೆ ಟೇಪು ತಂದು ಅಳೆದೆ. ಐದು ಅಡಿ ಬರಲೇ ಇಲ್ಲ. ಅದು ಹೆಂಗಸರ ಕಡೆಯ ಗೋಡೆಯಲ್ಲೇ ಕಳೆದುಹೋಗುತ್ತಿತ್ತು. ಗ್ವಾಡೆವ್ವನ ಗೋಡೆಯಲ್ಲಿ.

ಹತ್ತಿರ ಹೋಗಿ ಕಮಲಗಳನ್ನು ನೋಡಿದೆ. ಎಲ್ಲ ಏಳು ಹೂಗಳ ನಡುವೆಯೂ ಸುಣ್ಣ ತುಂಬಿದ ತೂತು. ಕೊನೆಯ ಹೂವಿನ ಸುಣ್ಣವನ್ನು ಪೆನ್ಸಿಲಿನಿಂದ ಮೆಲ್ಲಗೆ ಕೆದಕಿದೆ. ಸುಣ್ಣ ಉದುರಿತು, ಪೆನ್ಸಿಲು ಕೈಯಿಂದ ಜಾರಿ ಒಳಗೆ ಹೋಗಿಬಿಟ್ಟಿತು. ಎಲ್ಲೋ ಒಳಗೆ, ಗಡಿಗೆಗೆ ಬಡಿದ ಹಾಗೆ 'ಠಣ್' ಎಂದಿತು.

ನಾನು ಸರ್ಟಿಫಿಕೇಟು ಪಡೆದ ಡ್ರಾಫ್ಟ್ಸ್‌ಮನ್. ಆದರೂ ಮೂರು ಹೆಜ್ಜೆ ಹಿಂದೆ ಸರಿದು, ಚಪ್ಪಲಿ ಬಿಟ್ಟು, ಗ್ವಾಡೆವ್ವನಿಗೆ ಗಲ್ಲ ಬಡಿದುಕೊಂಡೆ.

ಇಮಾಮಸಾಬರು ನಗಲಿಲ್ಲ. "ಒಳಗ ಆಕಿ ಅದಾಳವಾ. ನಿನಗ ಗೊತ್ತಿಲ್ಲೇನು?" ಎಂದರು. ರಂಗದ ಅಂಚಿನ ಮೇಲೆ ಕುಳಿತು ಹೇಳಿದರು. ಅವರ ಅಪ್ಪ ಈ ಥೇಟರಿನಲ್ಲಿ ನಾಟಕದ ಪರದೆ ಎಳೆಯುತ್ತಿದ್ದವರು. ರಾಮದುರ್ಗದ ಕಡೆಯಿಂದ ಬಂದ ಒಂದು ಕಂಪನಿ ತಿಂಗಳುಗಟ್ಟಲೆ ಇಲ್ಲಿ ಬಿಡಾರ ಹಾಕಿತ್ತು. ಒಂದು ಆಯಿತವಾರ ಮಧ್ಯಾಹ್ನದ ಆಟದಲ್ಲಿ ನಾಯಕಿಯ ಪಾತ್ರದಾಕೆ ಮಾತು ಮರೆತು ನಿಂತುಬಿಟ್ಟಳು. ಜನ ಸಿಳ್ಳೆ ಹಾಕಲು ಶುರು ಮಾಡಿದರು. ಆಗ ಈ ಗೋಡೆ ಮಾತಾಡಿತು.

"ಗ್ವಾಡಿ?"

"ಗ್ವಾಡಿನ. ಹೆಣ್ಣದನಿ. ಇಡೀ ಥೇಟರ್ ಗುಂಯ್ ಅಂತಂತ. 'ನಾನು ಅಳುವುದಕ್ಕೆ ಬಂದವಳಲ್ಲ, ಕೇಳುವುದಕ್ಕೆ ಬಂದವಳು' ಅಂತ ಅಂತು. ನಮ್ಮಪ್ಪ ಕಿವ್ಯಾರೆ ಕೇಳ್ಯಾನ. ಕೈಯಾಗಿನ ಹಗ್ಗಾ ಬಿಟ್ಟ ನಿಂತಿದ್ನಂತ. ಮರುದಿನಾ ಥೇಟರ್ ಮಾಲೀಕ ಸಾವಕಾರರು ತಾವಽ ಬಂದು ದೀಪಾ ಹಚ್ಚಿದ್ರು. ಅವತ್ತಿನಿಂದ ನಮ್ಮಪ್ಪ, ಆಮ್ಯಾಲ ನಾನು. ಒಂದ ಆಟನೂ ದೀಪಾ ಹಚ್ಚದ ಶುರು ಮಾಡಿಲ್ಲ."

ದೇವಿಯೇನೋ ಸರಿ. ಆದರೆ ದೇವಿಗೆ ಐದು ಅಡಿ ಯಾಕೆ ಬೇಕು? ಕುತೂಹಲ ಎನ್ನುವುದು ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಸಾವಕಾರರು ತೀರಿಕೊಂಡು ಬಹಳ ವರ್ಷವಾಗಿತ್ತು. ಥೇಟರು ಮಾರಿದವರು ಅವರ ಮಗ ಮಲ್ಲಣ್ಣ. ಥೇಟರಿನ ಹೆಂಗಸರ ಕಡೆಗೆ ಅಂಟಿಕೊಂಡೇ ಅವರ ದೊಡ್ಡ ಮನೆ, ಹಳೆಯ ವಾಡೆ, ನಡುವೆ ಒಂದು ಸಣ್ಣ ಸಂದಿ. ಹೋಗಿ ಕೇಳಿದೆ. ಅವರಿಗೆ ಬೇರೆಯದೇ ಚಿಂತೆ.

"ಆ ಗ್ವಾಡಿ ಮುಟ್ಟಾಕ ಒಬ್ಬ ಆಳೂ ಒಲ್ಲೆ ಅಂತಾನ್ರಿ. ದೇವಿ ಶಾಪಾ ಕೊಡತಾಳಂತ. ತಗೊಂಡವರು ದಿನಾ ನನಗ ಗಂಟ ಬಿದ್ದಾರ."

"ಒಳಗೆ ಏನದ್ರಿ ಅಲ್ಲಿ?"

ಮಲ್ಲಣ್ಣ ಬಹಳ ಹೊತ್ತು ಮೀಸೆ ತಿರುವಿದರು. "ನಮ್ಮಪ್ಪಗ ಕೇಳಿದ್ರ ಬೈತಿದ್ದ. ನಮ್ಮ ಅತ್ತಿ ಅದಾಳ್ರಿ ಹೂಲ್ಯಾಗ, ನೀಲಕ್ಕ ಅಂತ, ನಮ್ಮಪ್ಪನ ತಂಗಿ. ಆಕಿಗೆ ಗೊತ್ತಿರಬೇಕು. ನನಗಂತೂ ಆಕೀನ ಕೇಳೂ ಧೈರ್ಯ ಇಲ್ಲ, ನೀವ ಕೇಳ್ರಿ."

ಆ ಆಯಿತವಾರ ಸವದತ್ತಿಗೆ ಹೋಗಿ, ಅಲ್ಲಿಂದ ಹೂಲಿಯ ಬಸ್ಸು ಹಿಡಿದೆ. ಹೂಲಿಯಲ್ಲಿ ಕಾಲಿಟ್ಟಲ್ಲಿ ಹಳೆಯ ಗುಡಿಗಳು. ಬೇರೆ ದಿನವಾಗಿದ್ದರೆ ಕಂಬ ಕಂಬ ಅಳೆಯುತ್ತ ಅಲ್ಲೇ ಉಳಿಯುತ್ತಿದ್ದೆ. ನೀಲಕ್ಕ ಎಂದರೆ ಮೆತ್ತಗೆ ಹಾಸಿಗೆ ಹಿಡಿದ ಮುದುಕಿ ಇದ್ದಾರು ಎಂದುಕೊಂಡಿದ್ದೆ. ಒಬ್ಬರು ಹೊಲದ ದಾರಿ ತೋರಿಸಿದರು. ಹೋಗಿ ನೋಡಿದರೆ ಎಪ್ಪತ್ತರ ಆಸುಪಾಸಿನ ಎತ್ತರದ ಹೆಂಗಸು ಬದುವಿನ ಮೇಲೆ ನಿಂತು, ಕಳೆ ತೆಗೆಯುವವರಿಗೆ ಗಟ್ಟಿಯಾಗಿ ಏನೋ ಹೇಳುತ್ತಿದ್ದರು. ಹೊಲದ ಆ ತುದಿಗೂ ಕೇಳುವ ದನಿ.

ನಾನು ಯಾರೆಂದು ಹೇಳಿದೆ. ಥೇಟರು ಕೆಡವುತ್ತಾರೆಂದೆ. ಐದು ಅಡಿ ಕಡಿಮೆ ಬರುತ್ತದೆ ಎಂದೆ. ನೀಲಕ್ಕ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿ ಕೇಳಿದರು:

"ಎಷ್ಟ ಸಲಾ ಅಳದಿ?"

"ಮೂರು ಸಲ."

"ನಲವತ್ತ ವರ್ಷದಾಗ ಒಬ್ಬರೂ ಅಳದಿರಲಿಲ್ಲ ನೋಡು" ಎಂದು ಜೋರಾಗಿ ನಕ್ಕರು. "ಬಾ, ನೆಳ್ಳಾಗ ಕುಂಡ್ರು. ಬುತ್ತಿ ಬಿಚ್ಚತೇನಿ."

ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಮೊಸರು. ಬೇವಿನ ಮರದ ಕೆಳಗೆ ಉಣ್ಣುತ್ತ ಅವರು ಹೇಳಿದ್ದನ್ನು ನನಗೆ ನೆನಪಿದ್ದಷ್ಟು ಹೇಳುತ್ತೇನೆ.

ನೀಲಕ್ಕ ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡ. ಅಣ್ಣ ಬಂದು ತವರಿಗೆ ಕರೆದೊಯ್ದ. ಅಣ್ಣನಿಗೆ ತಂಗಿ ಎಂದರೆ ಜೀವ. ಆದರೆ ಆತನಿಗೆ ಇನ್ನೊಂದು ಹುಚ್ಚಿತ್ತು. ಹತ್ತಿಯ ವ್ಯಾಪಾರದಲ್ಲಿ ಮೇಲೆ ಬಂದವನಿಗೆ ಹಳೆಯ ಜಮೀನುದಾರರಾದ ದೇಸಗತಿ ಮನೆತನದವರ ಸರಿಸಮ ಆಗಬೇಕೆಂಬ ಆಸೆ.

"ಅವರ ಮನ್ಯಾಗ ಹೆಣ್ಮಕ್ಕಳು ಗೋಷಾದಾಗ ಇರತಿದ್ರು, ಪರರ ಕಣ್ಣಿಗೆ ಬೀಳತಿದ್ದಿಲ್ಲ. ಅದಕ್ಕ ನಮ್ಮನ್ಯಾಗೂ ಗೋಷಾ ಬಂತು. ಮನಿ ಹೊಸ್ತಲಾ ದಾಟಿದ್ರ ಎತ್ತಿನ ಗಾಡಿಗೆ ಪರದೆ. ಥೇಟರ್ ನಮ್ಮ ಮನಿ ಗ್ವಾಡಿಗೇ ಇತ್ತು. ಹಾಡು ಕೇಳತಿತ್ತು, ಚಪ್ಪಾಳಿ ಕೇಳತಿತ್ತು, ಮಾತು ಕೇಳತಿದ್ದಿಲ್ಲ. ನಾ ಅಟ್ಟದ ಕಿಟಕಿಗೆ ಕಿವಿ ಹಚ್ಚಿ ಕುಂಡ್ರತಿದ್ದೆ. ಒಂದಿನಾ ಅಣ್ಣ ನೋಡಿದ. ಏನೂ ಅನಲಿಲ್ಲ. ಮರು ತಿಂಗಳಾ ಸಾಲಹಳ್ಳಿಯಿಂದ ಒಬ್ಬ ಗೌಂಡಿನ್ನ ಕರಸಿದ."

ಆ ಗೌಂಡಿ ಥೇಟರಿನ ಗೋಡೆಯ ಒಳಮೈಗೆ ಇನ್ನೊಂದು ತೆಳುಗೋಡೆ ಕಟ್ಟಿದ. ನಡುವೆ ಒಬ್ಬರು ಕೂರುವಷ್ಟು ಓಣಿ. ವಾಡೆಯ ಸಂದಿಯಿಂದ ಅದಕ್ಕೆ ಒಂದು ಗಿಡ್ಡ ಬಾಗಿಲು. ನೋಡಲು ಮೇಲೆ ಒಂದು ಕಲ್ಲಿನ ಜಾಲಂದ್ರ. ಕೇಳಲು ಏಳು ಗಡಿಗೆ. ಬುಡ ಒಡೆದ ಗಡಿಗೆಗಳನ್ನು ಅಡ್ಡಲಾಗಿ ಗೋಡೆಯಲ್ಲಿ ಹುಗಿದು, ಅಗಲದ ಕಡೆ ಥೇಟರಿಗೆ, ಸಣ್ಣ ಬಾಯಿ ಓಣಿಗೆ ಬರುವ ಹಾಗೆ ಮಾಡಿದ. ಥೇಟರಿನ ಕಡೆ ಅವುಗಳ ಮೇಲೆ ನಡುವೆ ತೂತಿರುವ ಗಾರೆಯ ಕಮಲ. ಆ ಬಾಯಿಗೆ ಕಿವಿ ಇಟ್ಟರೆ ರಂಗದ ಮೇಲಿನವರು ಉಸಿರೆಳೆದದ್ದೂ ಕೇಳುತ್ತಿತ್ತಂತೆ.

ನನ್ನ ರೊಟ್ಟಿ ಕೈಯಲ್ಲೇ ಉಳಿಯಿತು. ಕೋರ್ಸಿನಲ್ಲಿ ನಮಗೆ ಇಂಥದ್ದನ್ನು ಯಾರೂ ಕಲಿಸಿರಲಿಲ್ಲ.

"ಒಂದೊಂದ ನಾಟಕಾ ಇಪ್ಪತ್ತಿಪ್ಪತ್ತ ಸಲಾ ನೋಡೇನಿ. ಎಲ್ಲಾರ ಮಾತೂ ಬಾಯಿಪಾಠ. ಅವತ್ತ ಮಧ್ಯಾಹ್ನದ ಆಟ. ನಾಯಕಿ ಪಾತ್ರದಾಕಿ ಕೂಸು ಹಿಂದಿನ ಖೋಲ್ಯಾಗ ಜ್ವರಾ ಬಂದು ಅಳಾಕ ಹತ್ತಿತ್ತು. ಮಂದಿಗೆ ಕೇಳಲಿಲ್ಲ, ನನಗ ಕೇಳತಿತ್ತು. ಆಕಿ ಮಾತು ಮರತಳು. ಹಿಂದಿನಿಂದ ಮಾತು ಹೇಳಿಕೊಡಾವ ಎಲ್ಲಿ ಹೋಗಿದ್ನೋ. ಮಂದಿ ಸಿಳ್ಳಿ ಹಾಕಿದ್ರು. ಆಕಿ ಮಾರಿ ಹೆಂಗಾಗಿತ್ತಂದ್ರ... ನನಗ ತಡಕೊಳ್ಳಾಕ ಆಗಲಿಲ್ಲ. ಆಕಿಗಷ್ಟ ಕೇಳಲಿ ಅಂತ ಗಡಿಗಿ ಬಾಯಾಗ ಸಣ್ಣಗ ಅಂದೆ."

ಕೇಳಲೆಂದು ಕಟ್ಟಿದ ಗಡಿಗೆ ಮಾತಿಗೂ ಅಷ್ಟೇ ಚೆನ್ನಾಗಿ ಒದಗೀತೆಂದು ಗೌಂಡಿಗೂ ಗೊತ್ತಿರಲಿಲ್ಲ, ನೀಲಕ್ಕನಿಗೂ ಗೊತ್ತಿರಲಿಲ್ಲ. ಸಣ್ಣ ಬಾಯಲ್ಲಿ ಪಿಸುಗುಟ್ಟಿದ್ದು ಅಗಲದ ಬಾಯಿಂದ ಕಹಳೆಯಾಗಿ ಹೊರಬಿತ್ತು. ಜನ ಎದ್ದು ನಿಂತರು. ಯಾರೋ "ದೇವೀ" ಎಂದರು. ಅಷ್ಟೇ ಸಾಕಾಯಿತು.

"ಅಣ್ಣಾರು ಬೈದ್ರಾ?"

"ಇಲ್ಲ. ಬೈದಿದ್ರ ಚಲೋ ಇತ್ತು. ನನ್ನ ಮುಂದ ಬಂದು ನಿಂತು, 'ನೀಲಾ, ಅದು ನಿನ್ನ ದನಿ ಅಂತ ಊರಿಗೆ ಗೊತ್ತಾದ್ರ ನಾ ತಲಿ ಎತ್ತಿ ತಿರಗೂದು ಹೆಂಗ?' ಅಂದ. ಮೂರ ದಿನದಾಗ ಸಂದಿ ಬಾಗಲಾ ಮುಚ್ಚಿಸಿದ. ಜಾಲಂದ್ರಕ್ಕ ಗಾರಿ ಬಳಿಸಿದ, ಕಮಲದ ತೂತಿಗೆ ಸುಣ್ಣಾ ತುಂಬಿಸಿದ. ಮಂದಿ ಮುಂದ ದೀಪಾ ಹಚ್ಚಿದ." ನೀಲಕ್ಕ ಮಜ್ಜಿಗೆಯ ಚಂಬು ಎತ್ತಿ ಕುಡಿದು, ಬಾಯಿ ಒರೆಸಿಕೊಂಡರು. "ನನ್ನ ದನಿಗೆ ದೀಪಾ ಹಚ್ಚಿದ, ನನಗ ಬಾಗಲಾ ಹಾಕಿದ."

ಅಣ್ಣ ಇರುವಷ್ಟು ದಿನ ಅವರು ವಾಡೆಯಲ್ಲೇ ಇದ್ದರು. ಆತ ಹೋದ ವರ್ಷವೇ ಗಂಡನ ಪಾಲಿನ ಹೊಲವಿದ್ದ ಹೂಲಿಗೆ ಬಂದು, ಸೆರಗು ಸೊಂಟಕ್ಕೆ ಸಿಗಿಸಿದರು. ಮತ್ತೆ ಥೇಟರಿನ ಕಡೆ ಹೋಗಲಿಲ್ಲ. ಒಂದು ಸಿನೆಮಾ ಕೂಡ ನೋಡಿರಲಿಲ್ಲ.

ಏಳುವ ಹೊತ್ತಿಗೆ ನನಗೆ ಹೊಸ ಕಷ್ಟ ಶುರುವಾಗಿತ್ತು. ಐದು ಅಡಿ ಸಿಕ್ಕಿತು, ಸರಿ. ಆದರೆ ನಕ್ಷೆಯಲ್ಲಿ ಅಲ್ಲಿ ಏನೆಂದು ಬರೆಯಲಿ? ಆಳುಗಳಿಗೆ ದೇವಿಯಿಲ್ಲ ಎಂದು ಹೇಳಿದರೆ ಗೋಡೆ ಬೀಳುತ್ತದೆ. ಅದರ ಜೊತೆಗೆ ಇಮಾಮಸಾಬರು ಇಷ್ಟು ವರ್ಷ ಹಚ್ಚಿದ ದೀಪವೂ ಬೀಳುತ್ತದೆ. ಹೇಳದಿದ್ದರೆ ಈ ಹೆಂಗಸು ಗೋಡೆಯೊಳಗೇ ಉಳಿಯುತ್ತಾರೆ. ಪೆನ್ಸಿಲು ಹಿಡಿಯಲು ಕಲಿತವಳಿಗೆ ಇಂಥ ಲೆಕ್ಕ ಬರುತ್ತಿರಲಿಲ್ಲ. ಬಾಯಿಬಿಟ್ಟು ಹಾಗೆಂದೆ.

"ನೀ ಯಾಕ ಹೇಳತಿ? ನಾ ಬರತೇನಿ" ಎಂದರು ನೀಲಕ್ಕ. "ಬುಧವಾರ ಕಳೇವು ಮುಗೀತದ. ಬೇಸ್ತವಾರ ಬರತೇನಿ."

ಬೇಸ್ತವಾರ ಮಧ್ಯಾಹ್ನ ಬಸ್ಸಿಳಿದು, ಕೈಚೀಲ ಹಿಡಿದು, ಬಜಾರದ ನಡುವೆ ನಡೆದೇ ಬಂದರು. ಥೇಟರಿನ ಮುಂದೆ ನಾನು, ಕುಲಕರ್ಣಿ ಸಾಹೇಬರು, ಮಲ್ಲಣ್ಣ, ಒಬ್ಬ ಗೌಂಡಿ, ದೂರ ನಿಂತ ನಾಲ್ಕು ಆಳುಗಳು. ಇಮಾಮಸಾಬರು ಒಳಗೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ನೀಲಕ್ಕ ನೇರ ಅಲ್ಲಿಗೇ ಹೋದರು. ನಡುವಿನ ಕಮಲವನ್ನು, ಕುಂಕುಮವನ್ನು, ಹಣತೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಇಮಾಮಸಾಬರ ಕಡೆ ತಿರುಗಿ, ಏರಿಸದೆ ಇಳಿಸದೆ, ಆ ಮಾತು ಅಂದರು:

"ನಾನು ಅಳುವುದಕ್ಕೆ ಬಂದವಳಲ್ಲ, ಕೇಳುವುದಕ್ಕೆ ಬಂದವಳು."

ಇಮಾಮಸಾಬರು ಎಣ್ಣೆಯ ಗಿಂಡಿಯನ್ನು ನೆಲಕ್ಕಿಟ್ಟರು. ಅಪ್ಪನಿಂದ ನೂರು ಸಲ ಕೇಳಿದ ಮಾತು. ಅವರು ಮುಖ ನೋಡಿದರು, ಗೋಡೆ ನೋಡಿದರು, ಮತ್ತೆ ಮುಖ ನೋಡಿದರು.

"ನೀವಽ ಏನ್ರಿ ಅವ್ವಾರ?"

"ನಾನಽ. ನಿಮ್ಮಪ್ಪ ಹಗ್ಗಾ ಬಿಟ್ಟಿದ್ದೂ ನೋಡೇನಿ. ಪರದಿ ಅರ್ಧಾ ಇಳದ ನಿಂತಿತ್ತು."

ಮಲ್ಲಣ್ಣ ನೆಲ ನೋಡುತ್ತಿದ್ದರು. ಇಮಾಮಸಾಬರು ಕೋಪಗೊಳ್ಳುತ್ತಾರೋ ಅಳುತ್ತಾರೋ ಎಂದು ನನಗೆ ಭಯ. ಅವರು ಬಹಳ ಮೆಲ್ಲಗೆ ಕೇಳಿದರು: "ಹಂಗಾರ... ದೀಪಾ ಆರಸಲೇನ್ರಿ?"

"ಬ್ಯಾಡಪಾ" ಎಂದರು ನೀಲಕ್ಕ. "ಇವತ್ತೊಂದಿನಾ ಉರೀಲಿ. ನೀ ಹಚ್ಚಿದ್ದು ನಾ ಒಂದ ಸಲನೂ ನೋಡಿಲ್ಲ."

ಇಮಾಮಸಾಬರು ತಲೆಯ ಟೊಪ್ಪಿಗೆ ಸರಿ ಮಾಡಿಕೊಂಡು, ಹಣತೆಗೆ ಇನ್ನಷ್ಟು ಎಣ್ಣೆ ಹಾಕಿದರು. ಬತ್ತಿಯನ್ನು ಬೆರಳಿನಿಂದ ಮುಂದೆ ಸರಿಸಿದರು.

ಸಂದಿಯ ಬಾಗಿಲನ್ನು ಒಡೆಯಲು ಗೌಂಡಿ ಇನ್ನೂ ಹಿಂದೆಮುಂದೆ ನೋಡುತ್ತಿದ್ದ. ನೀಲಕ್ಕ ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಮೊದಲ ಪೆಟ್ಟು ತಾವೇ ಹಾಕಿದರು. ನಂತರ ಕೆಲಸ ಸರಾಗವಾಯಿತು. ನಾಲ್ಕು ಸಾಲು ಇಟ್ಟಂಗಿ ಬಿದ್ದಾಗ ಒಳಗಿನಿಂದ ತಣ್ಣನೆಯ, ಮುಗ್ಗಲು ವಾಸನೆಯ ಗಾಳಿ ಬಂತು. ಥೇಟರಿನ ಕಡೆ ಒಬ್ಬ ಆಳು ನಡುವಿನದನ್ನು ಬಿಟ್ಟು ಉಳಿದ ಕಮಲಗಳ ತೂತಿನ ಸುಣ್ಣ ಕೆದಕಿ, ಏಣಿ ಹತ್ತಿ ಜಾಲಂದ್ರದ ಮೇಲಿನ ಗಾರೆ ಕೆತ್ತಿದ. ಕಲ್ಲಿನ ಸಣ್ಣ ಸಣ್ಣ ಕಣ್ಣುಗಳು ತೆರೆದುಕೊಂಡವು. ಕುಲಕರ್ಣಿ ಸಾಹೇಬರು ಬಗ್ಗಿ ಇಣುಕಿ, ಗೋಡೆಗೆ ಹುಗಿದ ಗಡಿಗೆಗಳ ಬಾಯಿಯನ್ನು ಒಂದೊಂದಾಗಿ ಮುಟ್ಟಿ, "ಆ ಗೌಂಡಿ ಯಾವ ಕಾಲೇಜಿಗೂ ಹೋಗಿದ್ದಿಲ್ಲ ನೋಡು" ಎಂದು ನನಗೆ ಹೇಳಿದರು. ಅವರ ಬಾಯಿಂದ ನಾನು ಕೇಳಿದ ಒಂದೇ ಒಂದು ಹೊಗಳಿಕೆ ಅದು; ನನಗೂ ಅಲ್ಲ, ಎಂದೋ ಸತ್ತವನಿಗೆ.

ನೀಲಕ್ಕ ಒಳಗೆ ಹೋಗಿ ತಮ್ಮ ಹಳೆಯ ಜಾಗದಲ್ಲಿ ಕೂರುತ್ತಾರೆ ಎಂದು ನಾವೆಲ್ಲ ದಾರಿ ಬಿಟ್ಟು ನಿಂತೆವು. ಅವರು ಬಾಗಿಲಿನವರೆಗೆ ಹೋಗಿ ನಿಂತರು.

"ನಾ ಒಲ್ಲೆ. ಅದರಾಗ ಸಾಕಷ್ಟ ಕುಂತೇನಿ. ನೀ ಹೋಗಿ ಕುಂಡ್ರು" ಎಂದು ನನಗೆ ಹೇಳಿದರು. "ನಾ ಮ್ಯಾಲ ಹತ್ತತೇನಿ."

ಮೂರು ಮೆಟ್ಟಿಲು ಹತ್ತಿ, ಜೇಡರ ಬಲೆ ಬಿಡಿಸಿಕೊಂಡು ನಾನು ಆ ಓಣಿಯಲ್ಲಿ ಕುಳಿತೆ. ಮೊಣಕಾಲು ಎದುರಿನ ಗೋಡೆಗೆ ತಾಗುತ್ತಿತ್ತು. ಜಾಲಂದ್ರಕ್ಕೆ ಕಣ್ಣು ಹಚ್ಚಿದೆ. ಮಾಡಿನ ಹಂಚು ಕೆಲವು ಕಡೆ ತೆಗೆದಿದ್ದರು. ರಂಗದ ಮೇಲೆ ಬಿಸಿಲು ಬಿದ್ದಿತ್ತು. ಇಮಾಮಸಾಬರ ಕೈ ಹಿಡಿದು ನೀಲಕ್ಕ ರಂಗ ಹತ್ತಿದರು. ಸಾಗವಾನಿ ಹಲಗೆ ಕಿರ್ ಎಂದದ್ದು ನನ್ನ ಕಿವಿಯ ಪಕ್ಕದಲ್ಲೇ ಎಂಬಂತೆ ಕೇಳಿತು. ಅವರು ನಡುವೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ನನ್ನ ಕಡೆ ನೋಡಿದರು.

"ಕುಂತೀ?"

"ಕುಂತೇನ್ರಿ!"

"ಕಾಣವಲ್ಲಿ. ಕೈ ಎತ್ತು."

"ಎತ್ತೇನ್ರಿ!"

"ಕಾಣವಲ್ಲಿ." ಎರಡು ಹೆಜ್ಜೆ ಮುಂದೆ ಬಂದರು, ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಅಲ್ಲಿಂದ ಅವರಿಗೆ ಕಂಡದ್ದು ಬರೀ ಕಪ್ಪು ತೂತುಗಳು. ಕೈ ಕೆಳಗಿಳಿಸಿದರು. ಮುಖದಲ್ಲಿನ ಗೆಲುವು ಇಳಿಯಿತು.

"ಹಂಗಾರ ಆಕಿ ನನ್ನ ನೋಡಿದ್ದಿಲ್ಲ" ಎಂದರು. ಇಮಾಮಸಾಬರಿಗೋ ತಮಗೋ ಹೇಳಿಕೊಂಡಂತೆ ಅಂದದ್ದು. ಗಡಿಗೆ ಅದನ್ನು ನನಗೆ ತಂದು ಕೊಟ್ಟಿತು. "ಅವತ್ತ ನಾ ಮಾತು ಹೇಳಿಕೊಟ್ಟ ಮ್ಯಾಲ ಆ ನಾಯಕಿ ಪಾತ್ರದಾಕಿ ಈ ಕಡೆ ತಿರಿಗಿ ನಕ್ಕಳು. ಮಂದಿ ದೇವೀ ದೇವೀ ಅಂತ ಕೂಗಾಕ ಹತ್ತಿದ್ರು, ಆಕಿ ಒಬ್ಬಾಕೀನ ನಕ್ಕಾಕಿ. ನನ್ನ ಕಣ್ಣಾಗ ಕಣ್ಣಿಟ್ಟು ನಕ್ಕಳು ಅಂದ್ಕೊಂಡಿದ್ದೆ. ಇಷ್ಟ ವರ್ಷಾ ಅದನ್ನಽ ಹಿಡಕೊಂಡಿದ್ದೆ ನೋಡಪಾ. ಊರಾಗ ಒಬ್ಬಾಕೆರ ನನ್ನ ನೋಡ್ಯಾಳಂತ."

ಏನಾದರೂ ಹೇಳಬೇಕಿತ್ತು. ಪಕ್ಕದ ಗಡಿಗೆಯ ಧೂಳು ತುಂಬಿದ ಬಾಯಿಗೆ ಬಾಯಿ ಹಚ್ಚಿ, ಪಿಸುಗುಟ್ಟಿದೆ:

"ನೀಲಕ್ಕಾ, ನಾ ಇಲ್ಲಿ ಅದೇನ್ರಿ."

ಖಾಲಿ ಥೇಟರಿನಲ್ಲಿ ಅದು ನನ್ನ ದನಿಯಾಗಿ ಉಳಿಯಲಿಲ್ಲ. ದೊಡ್ಡದಾಗಿ, ದುಂಡಗೆ, ಎಲ್ಲಿಂದಲೋ ಬಂದಂತೆ ಬಂತು. ಸಂದಿಯಲ್ಲಿದ್ದ ಆಳುಗಳು ಹೌಹಾರಿದರು. ಇಮಾಮಸಾಬರು "ಯಾ ಅಲ್ಲಾ" ಎಂದರು. ನೀಲಕ್ಕ ತಟ್ಟನೆ ತಲೆ ಎತ್ತಿ, ದನಿ ಬಂದ ಕಡೆ ತಿರುಗಿ, ನಕ್ಕರು.

ಅವರಿಗೆ ನಾನು ಕಾಣುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಆ ನಗು ಅಷ್ಟು ದೂರದಿಂದ, ಸಣ್ಣ ಕಲ್ಲಿನ ತೂತಿನಿಂದ ಹಾದು, ನನ್ನ ಎರಡು ಕಣ್ಣಿಗೇ ಬಂದು ನಿಂತಿತು. ನಾನು ಧಡಪಡಿಸಿ ಓಣಿಯಿಂದ ಇಳಿದು, ಸಂದಿ ಸುತ್ತಿ, ಎಷ್ಟು ಬೋಲ್ಟು ಎಡವಿದೆನೋ, ರಂಗದ ಮುಂದೆ ಓಡಿ ಬಂದೆ. ಏದುಸಿರು ಬಿಡುತ್ತ ಹೇಳಿದೆ:

"ಅಲ್ಲೆ ಕುಂತು ನೋಡಿದ್ರ ನೀವು ನನ್ನನ್ನಽ ನೋಡಿ ನಕ್ಕಂಗ ಆತ್ರಿ. ಖರೇನಽ. ನನ್ನೊಬ್ಬಾಕೀನ್ನ."

ನೀಲಕ್ಕ ನನ್ನ ಧೂಳು ಮೆತ್ತಿದ ಮುಖವನ್ನು ಒಂದು ಗಳಿಗೆ ನೋಡಿದರು.

"ನಿನ್ನ ನೋಡಿನಽ ನಕ್ಕಿದ್ದೆವಾ" ಎಂದರು. "ನೀ ಇದ್ದೀ ಅಂತ ಗೊತ್ತಿತ್ತಲ್ಲ."

ಹಾಗೆಂದವರು ಅಲ್ಲೇ ನಿಂತರು. ತಾವು ಈಗಷ್ಟೇ ಅಂದದ್ದು ಏನೆಂದು ತಮ್ಮಷ್ಟಕ್ಕೆ ಇನ್ನೊಮ್ಮೆ ಕೇಳಿಸಿಕೊಂಡವರ ಹಾಗೆ. ಆಮೇಲೆ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು, ರಂಗದಿಂದ ಇಳಿಯಲು ಇಮಾಮಸಾಬರ ಕಡೆ ಕೈ ಚಾಚಿದರು.